ಗೌರಮ್ಮನ ಹೆಸರಿನಲ್ಲಿ ಬಂದ ಬಾಟಲಿ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನ್ಯಾಮತಿಯ ನಮ್ಮ ಮನೆಗೆ ಬಂದಾಗ ಕೇಳುವುದು ಒಂದೇ ಪ್ರಶ್ನೆ. ಮೂವತ್ತನಾಲ್ಕು ವರ್ಷ ಯಾರ್ಯಾರದೋ ಮೈಯಿಂದ ತೆಗೆದ ತುಂಡುಗಳನ್ನು ಕೊಯ್ಯುತ್ತ ಕೂತಿದ್ದಿರಲ್ಲ, ಬೇಜಾರಾಗಲಿಲ್ಲವೇ ಎಂದು. ಇಲ್ಲ ಕಣ್ರಪ್ಪಾ, ಬೇಜಾರಾಗಲು ಪುರುಸೊತ್ತೇ ಸಿಗಲಿಲ್ಲ. ನನಗೆ ಎರಡು ಸಲ ಬಡ್ತಿ ಸಿಕ್ಕಿತು, ಎರಡು ಸಲವೂ ಕುರ್ಚಿ ಬದಲಾಯಿತೇ ಹೊರತು ಬೇರೇನೂ ಆಗಲಿಲ್ಲ. ಆ ವಿಷಯ ಇಲ್ಲಿಗೆ ಮುಗಿಯಿತು. ಹೇಳಬೇಕಾದದ್ದೇನಿದ್ದರೂ ನಾನು ಮಾಡಿದ ಎಡವಟ್ಟುಗಳು, ಮತ್ತು ಆ ಎಡವಟ್ಟುಗಳಿಂದ ಬಚಾವಾದ ಬಗೆ.

ನನ್ನ ಕೆಲಸ ದಾವಣಗೆರೆಯ ಒಂದು ಖಾಸಗಿ ಲ್ಯಾಬಿನಲ್ಲಿ. ಆಪರೇಷನ್ ಮಾಡಿ ತೆಗೆದ ಗಂಟು, ಗಡ್ಡೆ, ಚರ್ಮದ ಚೂರು ಏನೇ ಬಂದರೂ ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಹತ್ತಿಸಿ, ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿನ ಮುಂದೆ ಇಡುವುದು. ಕೊಯ್ದ ಪೊರೆ ಎಷ್ಟು ಹಗುರವೆಂದರೆ ಪಕ್ಕದಲ್ಲಿ ಸೀನಿದರೆ ಹಾರಿಹೋಗುತ್ತದೆ. ಸೀನಿದ್ದೇನೆ. ಚನ್ನಗಿರಿಯ ಮೇಷ್ಟ್ರೊಬ್ಬರ ಪಿತ್ತಕೋಶ ನನ್ನ ಒಂದೇ ಸೀನಿಗೆ ಎದುರು ಗೋಡೆಯ ಕ್ಯಾಲೆಂಡರಿಗೆ ಹೋಗಿ ಅಂಟಿತ್ತು. ಅಚ್ಚಿನಲ್ಲಿ ಇನ್ನೂ ಬೇಕಾದಷ್ಟು ಉಳಿದಿದ್ದರಿಂದ ಮತ್ತೊಂದು ಕೊಯ್ದೆ, ಮೇಷ್ಟ್ರಿಗೆ ಏನೂ ನಷ್ಟವಾಗಲಿಲ್ಲ.

ನಮ್ಮ ಮೇಲಿನವರು ವಸುಧಾ ಮೇಡಂ. ಮೈಸೂರಿನವರು, ಸ್ಲೈಡು ನೋಡಿ ಕಾಯಿಲೆ ಹೇಳುವ ಡಾಕ್ಟರು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ, ಅದಕ್ಕೇ ಬೈಗುಳ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಸೂಳೆಕೆರೆ ಕಡೆಯವರೊಬ್ಬರು ಒಮ್ಮೆ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಗಂಟೊಂದನ್ನು ತಂದು ಕ್ಯಾನ್ಸರ್ ಇದೆಯೇ ನೋಡಿಕೊಡಿ ಎಂದು ಪಟ್ಟು ಹಿಡಿದರು. ನಾವೆಲ್ಲ ನಕ್ಕೆವು, ಮೇಡಂ ನಗಲಿಲ್ಲ. ತಮ್ಮ ಬಿಡುವಿನ ಹೊತ್ತಿನಲ್ಲಿ ನೋಡಿ, ಹಾಗೇನೂ ಇಲ್ಲ ಎಂದು ಚೀಟಿ ಬರೆದರು. ಚೀಟಿ ಕೈಗೆ ಬರುವ ಹೊತ್ತಿಗೆ ಆ ಪುಣ್ಯಾತ್ಮರು ಮಿಕ್ಕ ಮೀನನ್ನು ಸಾರು ಮಾಡಿ ಉಂಡಾಗಿತ್ತು. ಸಂಶಯ ಪರಿಹಾರವಾಯಿತು ಎಂದು ಕೈ ಮುಗಿದು ಹೋದರು.

ಇನ್ನು ಬಸ್ಸಿನ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆಯ ನರ್ಸಿಂಗ್ ಹೋಮುಗಳಿಂದ ನಮಗೆ ತುಂಡುಗಳು ಬರುತ್ತಿದ್ದದ್ದು ಖಾಸಗಿ ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ. ಫಾರ್ಮಲಿನ್ ಎಂಬ ದ್ರಾವಣ ತುಂಬಿದ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಒಂದು ಫಾರಂ. ಕಂಡಕ್ಟರ್ ಅದನ್ನು ಡ್ರೈವರ್ ಹಿಂದಿನ ಪೆಟ್ಟಿಗೆಯಲ್ಲಿಟ್ಟು, ಮದುವೆ ಪತ್ರಿಕೆ, ಟ್ರ್ಯಾಕ್ಟರ್ ಬೇರಿಂಗು, ಯಾರದೋ ಮಗಳಿಗೆ ಕಳಿಸಿದ ರೊಟ್ಟಿ ಗಂಟಿನ ಜೊತೆಗೆ ತಂದು ನಮಗೆ ಮುಟ್ಟಿಸುತ್ತಿದ್ದ. ಈಗಿನವರಿಗೆ ಇದು ಕೇಳಿದರೆ ಗಾಬರಿಯಾಗಬಹುದು. ನಮಗೆ ಅದೇ ವ್ಯವಸ್ಥೆ, ಅದರಿಂದಲೇ ಎಷ್ಟೋ ಜೀವ ಉಳಿದಿವೆ.

ಜಗಳೂರಿನ ಬಸ್ಸಿನ ಕಂಡಕ್ಟರ್ ತಿಪ್ಪೇಸ್ವಾಮಿ. ಐವತ್ತು ದಾಟಿದವನು, ಅದೇ ದಾರಿಯ ಬಿಳಿಚೋಡಿನವನು, ಬಾಯಿ ತೆರೆದರೆ ಇಡೀ ಲ್ಯಾಬು ನಗಬೇಕು. ಬಾಟಲಿ ಕೊಟ್ಟು, ಟೀ ಕುಡಿದು, ರಿಸೆಪ್ಷನ್ನಿನವರಿಗೆ ದಾರಿಯ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದ. ಹೀಗಿರುವವನು ಒಂದು ದಿನ ಬಂದು ಬಾಟಲಿಯನ್ನು ಮೇಜಿನ ಮೇಲಿಟ್ಟು, ಟೀ ಬೇಡ ಎಂದು ಸರಸರನೆ ಹೊರಟುಹೋದ. ಫಾರಂ ನೋಡಿದೆ. ಗೌರಮ್ಮ, ನಲವತ್ತಾರು ವರ್ಷ, ಹೆಣ್ಣು, ಎಡ ಸ್ತನದ ಗಂಟು. ಕೈಬರಹ ಎಂದಿನ ಡಾಕ್ಟರದ್ದಾಗಿರಲಿಲ್ಲ, ಕಾಂಪೌಂಡರ್ ಬರೆದಿರಬೇಕು ಎಂದುಕೊಂಡೆ.

ಮುಚ್ಚಳ ತೆಗೆದೆ. ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಓದಿ. ಫಾರ್ಮಲಿನ್ ಬಾಟಲಿ ತೆರೆದರೆ ಮೂಗು ಉರಿಯಬೇಕು, ಕಣ್ಣಲ್ಲಿ ನೀರು ಬರಬೇಕು. ಬರಲಿಲ್ಲ. ಯಾವ ವಾಸನೆಯೂ ಇಲ್ಲ. ನನ್ನ ಮೂಗು ಸ್ಪಷ್ಟವಾಗಿ ಹೇಳಿತು, ಏನೋ ಸರಿಯಿಲ್ಲ ಎಂದು. ಅವತ್ತು ರಾಶಿ ಬಾಟಲಿ ಬಂದಿದ್ದವು. ನೆಗಡಿ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ತುಂಡನ್ನು ಹೊಸ ಫಾರ್ಮಲಿನ್ನಿಗೆ ಹಾಕಿ, ರಿಜಿಸ್ಟರಿನಲ್ಲಿ ಏನೂ ಬರೆಯದೆ ಮುಂದಿನ ಕೆಲಸಕ್ಕೆ ಹೋದೆ. ನನಗೆ ನೆಗಡಿ ಇರಲಿಲ್ಲ.

ಮೊದಲ ಸ್ಲೈಡು ನೋಡಿ ಮೇಡಂ ಕ್ಯಾನ್ಸರ್ ಎಂದರು. ಅದರ ಮೇಲೆ ಹಾರ್ಮೋನ್ ಗ್ರಾಹಕಗಳ, ಅಂದರೆ ಕಣದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಕೊಂಡಿಗಳ, ಪರೀಕ್ಷೆಗೆ ಹೇಳಿದರು. ನಾನು ಸೇರಿದ ಹೊಸದರಲ್ಲಿ ಈ ಪರೀಕ್ಷೆಗೆ ಬೆಂಗಳೂರಿಗೆ ಕೊರಿಯರ್ ಮಾಡಿ ಕಾಯಬೇಕಿತ್ತು. ಆಮೇಲೆ ನಮ್ಮಲ್ಲೇ ಬಂತು, ಗಡಿಯಾರ ಮುಂದಿಟ್ಟುಕೊಂಡು ಒಂದೊಂದೇ ಹನಿ ಹಾಕಿ ಮಾಡುತ್ತಿದ್ದೆವು, ಈಗ ಮಷೀನೇ ಎಲ್ಲ ಮಾಡುತ್ತದೆ. ವಿಷಯ ಸರಳ. ಕ್ಯಾನ್ಸರ್ ಕಣಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹಿಡಿದುಕೊಂಡು ಬೆಳೆಯುವಂಥವಾದರೆ ಸ್ಲೈಡಿನಲ್ಲಿ ಕಂದು ಬಣ್ಣ ಬರುತ್ತದೆ. ಕಂದು ಬಂದರೆ ಒಳ್ಳೆಯ ಸುದ್ದಿ, ಏಕೆಂದರೆ ಆ ಹಿಡಿತ ತಪ್ಪಿಸುವ ಮಾತ್ರೆ ಇದೆ, ಅಂಥವರ ಮುಂದಿನ ದಾರಿ ಸಾಮಾನ್ಯವಾಗಿ ಸಲೀಸು. ಬರದಿದ್ದರೆ ಆ ಮಾತ್ರೆಯಿಂದ ಉಪಯೋಗವಿಲ್ಲ. ಪ್ರೊಜೆಸ್ಟೆರಾನಿಗೂ ಹೀಗೇ ಒಂದು ಪರೀಕ್ಷೆ, ಹರ್-ಟೂ ಎಂಬ ಮೂರನೆಯದಕ್ಕೆ ಇನ್ನೊಂದು. ಗೌರಮ್ಮನ ಮೂರೂ ಸ್ಲೈಡುಗಳಲ್ಲಿ ಏನೂ ಬರಲಿಲ್ಲ, ಎಲ್ಲ ಬಿಳಿಚಿಕೊಂಡು ಕೂತಿದ್ದವು.

ಮೇಡಂ ನನ್ನನ್ನು ಕರೆದರು. ಗಂಟಿನ ಪಕ್ಕದಲ್ಲಿದ್ದ ಒಳ್ಳೆಯ ಸ್ತನನಾಳಗಳಲ್ಲಿ ಕಂದು ಬಂದೇ ಬರಬೇಕು, ಅವೂ ಬಿಳಿಚಿಕೊಂಡಿವೆ, ಹಾಗಾದರೆ ಕೆಟ್ಟಿರುವುದು ಪರೀಕ್ಷೆ ಎಂದರು. ಬಾಟಲಿ ಹೇಗೆ ಬಂತು ಎಂದು ಕೇಳಿದರು. ಸರಿಯಾಗಿಯೇ ಬಂತು ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಸ್ಲೈಡನ್ನು ಅತ್ತಿತ್ತ ಸರಿಸಿ ನೋಡಿ, ಆಮೇಲೆ ತಲೆಯೆತ್ತಿ ಹೇಳಿದರು.

“ಪಂಚಾಕ್ಷರಿ, ಇದರಲ್ಲಿ ಬರೀ ನಾಳ ಇವೆ. ಹಾಲು ತಯಾರಾಗೋ ಗೂಡು ಒಂದೂ ಇಲ್ಲ. ನಿಮ್ಮ ಈ ಗೌರಮ್ಮ ಗಂಡಸು.”

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗದೆ ಜಗಳೂರಿನ ಸರ್ಜನ್ನರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಅವರಿಗೂ ಆಶ್ಚರ್ಯ. ನಾನು ಯಾವ ಗೌರಮ್ಮನಿಗೂ ಆಪರೇಷನ್ ಮಾಡಿಲ್ಲ, ಕೊಬ್ಬಿನ ಗಂಟು ಎಂದುಕೊಂಡು ತೆಗೆದದ್ದು ನಿಮ್ಮ ಕಂಡಕ್ಟರ್ ತಿಪ್ಪೇಸ್ವಾಮಿಯದು, ಅವನ ಬಾಟಲಿಯನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದೆ ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಬಸ್ ಸ್ಟ್ಯಾಂಡಿಗೆ ಓಡಿದೆ. ತಿಪ್ಪೇಸ್ವಾಮಿಯನ್ನು ಬಸ್ಸಿನಿಂದ ಇಳಿಸಿ, ಜ್ಯೂಸ್ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಮೊದಲು ತಲೆ ತಗ್ಗಿಸಿದ. ಆಮೇಲೆ ಎಲ್ಲ ಹೇಳಿದ. ಫಾರಮ್ಮುಗಳನ್ನು ಡ್ರೈವರು, ಕ್ಲೀನರು, ಸ್ಟ್ಯಾಂಡಿನ ಏಜೆಂಟರು ಎಲ್ಲರೂ ಓದುತ್ತಾರಂತೆ, ಓದಿ ಮಾತಾಡಿಕೊಳ್ಳುತ್ತಾರಂತೆ. ಅದರಲ್ಲಿ ತಿಪ್ಪೇಸ್ವಾಮಿ, ಗಂಡು, ಸ್ತನದ ಗಂಟು ಎಂದು ಕಂಡರೆ ಜಗಳೂರಿನಿಂದ ದಾವಣಗೆರೆವರೆಗೆ ತಾನು ತಲೆಯೆತ್ತಿ ಟಿಕೆಟ್ ಹರಿಯುವುದು ಹೇಗೆ? ಬೇರೊಂದು ಫಾರಂ ತೆಗೆದು ಹೆಂಡತಿಯ ಹೆಸರು ಬರೆದುಬಿಟ್ಟಿದ್ದ. ಫೋನ್ ನಂಬರ್ ಕೂಡ ಹೆಂಡತಿಯದೇ.

ವಾಸನೆಯ ವಿಷಯ ಕೇಳಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಮುಚ್ಚಳ ಸಡಿಲವಿದ್ದು ಬಿಳಿಚೋಡು ದಾಟುವಷ್ಟರಲ್ಲಿ ಔಷಧಿಯೆಲ್ಲ ಸೋರಿಹೋಗಿತ್ತಂತೆ.

“ಒಣಗಬಾರ್ದು ಅಂತ ನಾನು ಕುಡಿಯಾಕೆ ಇಟ್ಕಂಡಿದ್ದ ನೀರು ಹಾಕಿದೆ ಪಂಚಾಕ್ಷರಣ್ಣ. ಸೋರಿದ ಬಾಟ್ಲಿಗೆಲ್ಲ ಹಂಗೇ ಮಾಡ್ತೀನಿ, ಪಾಪ ಯಾರ ಜೀವನೋ ಏನೋ ಅಂತ.”

ನಾನು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ. ನೀರಿನಲ್ಲಿಟ್ಟರೆ ತುಂಡು ಒಳಗೊಳಗೇ ಕೊಳೆಯಲು ಶುರುವಾಗುತ್ತದೆ, ಹಾರ್ಮೋನಿನ ಗುರುತು ಮೊದಲು ಅಳಿಸುತ್ತದೆ. ವರ್ಷಗಳಿಂದ ಈ ಮನುಷ್ಯ ಕರುಣೆಯಿಂದ ಎಷ್ಟು ಬಾಟಲಿಗೆ ನೀರು ಹಾಕಿದ್ದಾನೋ. ಈಗ ತನ್ನ ಬಾಟಲಿಗೂ ಹಾಕಿಕೊಂಡಿದ್ದ. ವಾಪಸು ಬಂದು ಮೇಡಂ ಮುಂದೆ ನಿಂತು ನನ್ನ ಮೂಗಿನ ವಿಷಯವನ್ನೂ ಸುಳ್ಳಿನ ವಿಷಯವನ್ನೂ ಒಪ್ಪಿಕೊಂಡೆ. ಅವರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಬಹುವಚನದಲ್ಲಿತ್ತು ಎಂದಷ್ಟೇ ಹೇಳುತ್ತೇನೆ. ಆಮೇಲೆ ಜಗಳೂರಿನಿಂದ ಬಂದಿದ್ದ ಹಳೆಯ ಅಚ್ಚುಗಳನ್ನೆಲ್ಲ ಹೊರತೆಗೆಸಿ, ಸಂಶಯ ಬಂದವರನ್ನು ಹುಡುಕಿ ಕರೆಸಿ, ವಾರಗಟ್ಟಲೆ ಮತ್ತೆ ಪರೀಕ್ಷೆ ಮಾಡಿದರು. ಎರಡು ಮುಚ್ಚಳದ ಡಬ್ಬಿ ಬಂದದ್ದು, ಬಾಟಲಿ ತೆರೆದ ಕೂಡಲೇ ವಾಸನೆ ಹೇಗಿತ್ತು ಎಂದು ಬರೆಯುವ ಒಂದು ಅಂಕಣ ರಿಜಿಸ್ಟರಿಗೆ ಸೇರಿದ್ದು ಆಗಲೇ. ಆ ಅಂಕಣ ಏಕಿದೆ ಎಂದು ನೀವು ಗೊಣಗುತ್ತೀರಂತೆ, ಅದು ನನ್ನಿಂದಾಗಿ ಇದೆ.

ಅಷ್ಟರಲ್ಲಿ ರಿಸೆಪ್ಷನ್ನಿನಿಂದ ಗೌರಮ್ಮನವರ ಫೋನಿಗೆ, ನಿಮ್ಮ ರಿಪೋರ್ಟ್ ವಿಚಾರವಾಗಿ ತಕ್ಷಣ ಬನ್ನಿ ಎಂಬ ಸಂದೇಶ ಹೋಗಿಬಿಟ್ಟಿತ್ತು. ಮರುದಿನ ಅವರು ಗಂಡನನ್ನು ಮುಂದಿಟ್ಟುಕೊಂಡೇ ಬಂದರು. ಎತ್ತರದ ಹೆಂಗಸು, ಕುರಿಹಿಂಡು ಕಾಯ್ದವರ ಗಂಟಲು. ಲ್ಯಾಬಿನ ಬಾಗಿಲಲ್ಲಿ ನಿಂತು, ಈ ಮನುಷ್ಯ ನನ್ನ ಹೆಸರಿನಾಗೆ ಕಾಯಿಲೆ ತಗಂಡು ಊರು ತಿರುಗ್ತಾನೆ, ಇದಕ್ಕೇನಂತೀರಿ ಎಂದು ಎಲ್ಲರನ್ನೂ ಕೇಳಿದರು. ನಾವು ನಗಬಾರದು ಎಂದು ತುಟಿ ಕಚ್ಚಿಕೊಂಡೆವು. ಆದರೆ ಮೇಡಂ ಇದು ಕ್ಯಾನ್ಸರ್ ಎಂದು ಮೆಲ್ಲಗೆ ಹೇಳಿದಾಗ ಅವರ ದನಿ ಇಳಿದುಹೋಯಿತು. ಕುರ್ಚಿಯ ಮೇಲೆ ಕೂತು ಗಂಡನ ಕೈ ಹಿಡಿದುಕೊಂಡರು.

“ಹೆಸರು ಬೇಕಾದ್ರೆ ನಿನ್ನತ್ರನೇ ಇಟ್ಕ. ನೀನು ಮಾತ್ರ ಉಳ್ಕ.”

ಮೇಡಂ ಇಬ್ಬರಿಗೂ ಬಿಡಿಸಿ ಹೇಳಿದರು. ಇದು ಗಂಡಸರಿಗೂ ಬರುತ್ತದೆ, ಅಪರೂಪ ಅಷ್ಟೇ. ಗಂಡಸರಲ್ಲಿ ಬಂದಾಗ ಹೆಚ್ಚಿನ ಸಲ ಹಾರ್ಮೋನ್ ಗ್ರಾಹಕ ಇರುತ್ತದೆ, ಇದ್ದರೆ ಮಾತ್ರೆಯ ಆಸರೆ ಸಿಗುತ್ತದೆ. ತಿಪ್ಪೇಸ್ವಾಮಿಯಲ್ಲಿ ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ಇನ್ನೊಂದು ಆಪರೇಷನ್ ಆಗಬೇಕು. ಗಂಟಿನ ಅಂಚು ಒಳಗೆ ಉಳಿದಿರುವುದರಿಂದ ಅದು ಹೇಗೂ ಆಗಲೇಬೇಕು. ಆಗ ಸಿಗುವ ತಾಜಾ ತುಂಡೇ ಗತಿ. ಹೆಣ್ಣಿನ ಹಾರ್ಮೋನು ಗಂಡಸಿನ ಮೈಯಲ್ಲಿ ಎಲ್ಲಿಂದ ಬಂತು ಎಂದು ತಿಪ್ಪೇಸ್ವಾಮಿಗೆ ಅನುಮಾನ. ಎಲ್ಲರ ಮೈಯಲ್ಲೂ ಎರಡೂ ಇರುತ್ತವೆ, ನಿಮ್ಮ ಮನೆಯವರ ಮೈಯಲ್ಲೂ ಗಂಡಿನ ಹಾರ್ಮೋನು ಸ್ವಲ್ಪ ಇರುತ್ತದೆ ಎಂದರು ಮೇಡಂ.

“ಅದು ನಂಗೆ ಮದ್ವೆ ಆದಾಗ್ಲೇ ಗೊತ್ತಾಗೈತೆ ಬಿಡ್ರಿ ಮೇಡಂ. ಸ್ವಲ್ಪ ಅಲ್ಲ.”

ಈ ಸಲ ಮೇಡಂ ಕೂಡ ನಕ್ಕರು, ನಾನು ನೋಡಿದ್ದು ಅದೇ ಮೊದಲು. ಆ ವಾರ ಲ್ಯಾಬಿನ ಗಂಡಸರೆಲ್ಲ ಬಚ್ಚಲಿನಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಇದ್ದು ಬಂದರು. ಯಾರೂ ಯಾರನ್ನೂ ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ನಾನಂತೂ ಎಡಬಲ ಎರಡೂ ಕಡೆ ಒತ್ತಿ ನೋಡಿಕೊಂಡೆ, ಎಲುಬು ಬಿಟ್ಟರೆ ಏನೂ ಸಿಗಲಿಲ್ಲ.

ಗಂಡಸರಲ್ಲಿ ಈ ಕ್ಯಾನ್ಸರ್ ಕಂಡರೆ ವಂಶವಾಹಿಯನ್ನೂ ನೋಡಬೇಕು. ಗಂಡ ಹೆಂಡತಿ ಬಂದಿದ್ದ ದಿನವೇ ತಿಪ್ಪೇಸ್ವಾಮಿಯ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದ್ದೆವು. ಆಪರೇಷನ್ನಿಗೆ ಮಾತ್ರ ತಿಪ್ಪೇಸ್ವಾಮಿ ಬರಲೇ ಇಲ್ಲ. ಈ ವಾರ ಬಸ್ಸಿಗೆ ಬೇರೆ ಕಂಡಕ್ಟರ್ ಇಲ್ಲ, ಮುಂದಿನ ವಾರ ಅಮಾವಾಸ್ಯೆ, ಅದರ ಮುಂದಿನ ವಾರ ಯಾರದೋ ಗೃಹಪ್ರವೇಶ. ಎದೆಯ ಒಂದು ಭಾಗವನ್ನೇ ತೆಗೆಸಿಕೊಂಡು ಊರಲ್ಲಿ ಅಂಗಿ ಬಿಚ್ಚಿ ಹೇಗೆ ಕೂರಲಿ ಎಂಬುದು ಒಳಗಿನ ಕಾರಣ. ಬೆಂಗಳೂರಿನ ಫಲಿತಾಂಶವೇ ಮೊದಲು ಬಂತು. ಬಿಆರ್‌ಸಿಎ-ಎರಡು ಎಂಬ ವಂಶವಾಹಿಯಲ್ಲಿ ದೋಷವಿತ್ತು. ಅದು ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದಿರುತ್ತದೆ, ಒಡಹುಟ್ಟಿದವರಿಗೂ ಇರಬಹುದು, ಮಕ್ಕಳಿಗೂ ದಾಟಿರಬಹುದು. ತಿಪ್ಪೇಸ್ವಾಮಿಗೆ ಹೊನ್ನಾಳಿಯಲ್ಲಿ ಒಬ್ಬಳೇ ಅಕ್ಕ. ಆಕೆಗೆ ಹೇಳಲೇಬೇಕು ಎಂದರು ಮೇಡಂ. ಒಬ್ಬನೇ ಹೋಗಲು ಧೈರ್ಯವಿಲ್ಲ, ನೀನೂ ಬಾ ಪಂಚಾಕ್ಷರಣ್ಣ ಎಂದ ತಿಪ್ಪೇಸ್ವಾಮಿ. ಆಕೆ ಒಪ್ಪಿದರೆ ರಕ್ತ ತೆಗೆದುಕೊಂಡೇ ಬರೋಣ ಎಂದು ಸಿರಿಂಜು ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಕ್ಕ ಹಾಲಮ್ಮ ಹೊನ್ನಾಳಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟವರು. ನಾವು ಹೋದಾಗ ಬಾಣಲೆಯ ಮುಂದೆ ಇದ್ದರು. ತಿಪ್ಪೇಸ್ವಾಮಿ ಒಂದು ಮೆಣಸಿನಕಾಯಿ ಬಜ್ಜಿ ತಿಂದ, ಏನೂ ಹೇಳಲಿಲ್ಲ. ಎರಡನೆಯದು ತಿಂದ, ಹೇಳಲಿಲ್ಲ. ಜೊತೆಗೆ ನಾನೂ ತಿನ್ನುತ್ತಿದ್ದೆ, ಖಾರಕ್ಕೆ ಕಿವಿ ಕೆಂಪಾಗಿತ್ತು. ಐದನೆಯದಕ್ಕೆ ಬಂದಾಗ ಆತ ಎದ್ದು ಅಂಗಡಿಯ ಒಳಕೋಣೆಗೆ ಹೋಗಿ, ಅಕ್ಕನನ್ನು ಕರೆದು, ಅಂಗಿಯ ಗುಂಡಿ ಬಿಚ್ಚಿ ಹೊಲಿಗೆಯ ಗುರುತು ತೋರಿಸಿದ. ಕ್ಯಾನ್ಸರ್ ಎಂಬ ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ, ನಾನೇ ಹೇಳಿದೆ. ಇನ್ನೊಂದು ಆಪರೇಷನ್ ಬಾಕಿ ಇದೆ, ಇವನು ತಪ್ಪಿಸಿಕೊಂಡು ತಿರುಗುತ್ತಿದ್ದಾನೆ ಎಂದೂ ಹೇಳಿದೆ.

ಹಾಲಮ್ಮ ಅಳಲಿಲ್ಲ. ಜಾಲರಿ ಸೌಟು ಕೈಯಲ್ಲೇ ಇತ್ತು, ಅದನ್ನು ಪಕ್ಕಕ್ಕಿಟ್ಟು ತಮ್ಮನ ಮುಂದೆ ನಿಂತರು.

“ಅಪ್ಪಗೂ ಎದಿ ಮ್ಯಾಲೆ ಹಿಂಗೇ ಒಂದು ಹುಣ್ಣಾಗಿತ್ತು. ಯಾರಿಗೂ ತೋರಿಸ್ದೆ ಟವಲ್ ಹೊದ್ಕಂಡೇ ಸತ್ತ. ನೀನಾಗ ಸಣ್ಣೋನು, ನಿಂಗೆ ಗೊತ್ತಿಲ್ಲ. ನೀನೂ ಹಂಗೇ ಹೋಗ್ಬೇಕಂತ ಮಾಡೀಯೇನು?”

ತಿಪ್ಪೇಸ್ವಾಮಿ ಅಂಗಿಯ ಗುಂಡಿ ಹಾಕಿಕೊಂಡ. ನಾನು ಆಕೆಯ ರಕ್ತದ ವಿಷಯ ತೆಗೆದೆ. ಅವರು ಆಗಲೇ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದರು, ಸೂಜಿ ಹತ್ತಿರ ಹೋದಾಗ ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಇವನು ಆಪರೇಷನ್ನಿಗೆ ಹೋಗುವ ದಿನ ಹೇಳಲಿ, ಆಮೇಲೆ ಕೈ ಕೊಡುತ್ತೇನೆ ಎಂದು ಕೂತರು. ಗಿರಾಕಿಗಳು ಹೊರಗೆ ಕೂಗುತ್ತಿದ್ದರು, ಬಾಣಲೆಯಲ್ಲಿ ಮೆಣಸಿನಕಾಯಿ ಕಪ್ಪಾಗುತ್ತಿತ್ತು, ನಾನು ಸಿರಿಂಜು ಹಿಡಿದು ನಿಂತೇ ಇದ್ದೆ. ಕೊನೆಗೆ ಸೋಮವಾರ ಎಂದ ತಿಪ್ಪೇಸ್ವಾಮಿ. ಯಾವ ಸೋಮವಾರ ಎಂದರು ಅಕ್ಕ. ಬರುವ ಸೋಮವಾರ ಎಂದಮೇಲೆಯೇ ಕೈ ಮುಂದೆ ಬಂತು.

ಹಾಲಮ್ಮನ ಫಲಿತಾಂಶ ಬಂದದ್ದು ಎಷ್ಟೋ ದಿನಗಳ ಮೇಲೆ, ಮರೆಯುವ ಮೊದಲು ಇಲ್ಲೇ ಹೇಳಿಬಿಡುತ್ತೇನೆ. ಆಕೆಗೆ ಆ ದೋಷ ಇರಲಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ, ಅಪ್ಪ ಹೊಲದಾಗೂ ನಂಗೆ ಪಾಲು ಕೊಡ್ಲಿಲ್ಲ, ಇದ್ರಾಗೂ ಕೊಡ್ಲಿಲ್ಲ ನೋಡ್ರಿ ಎಂದು ಅವರು ನಕ್ಕ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ತಿಪ್ಪೇಸ್ವಾಮಿಯ ಮಗಳು ಚನ್ನಗಿರಿಯಲ್ಲಿದ್ದಾಳೆ, ಅವಳಿಗೂ ಎಲ್ಲ ತಿಳಿಸಿದ್ದಾರೆ, ಪರೀಕ್ಷೆ ಯಾವಾಗ ಎಂದು ಅವಳೇ ನಿರ್ಧರಿಸುತ್ತಾಳೆ.

ಆ ಸೋಮವಾರ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಾನು ಫಾರ್ಮಲಿನ್ ಡಬ್ಬಿ ಹಿಡಿದು ನಿಂತಿದ್ದೆ. ಯಾರ ಕೈಗೂ ಕೊಡಬಾರದು, ನೀವೇ ತನ್ನಿ ಎಂದು ಮೇಡಂ ಅಪ್ಪಣೆ. ತುಂಡು ಹೊರಗೆ ಬಂದ ಕೂಡಲೇ ಅಲ್ಲೇ ಸೀಳಿ, ದ್ರಾವಣ ಒಳಗೆ ಇಳಿಯುವ ಹಾಗೆ ಮಾಡಿ ಡಬ್ಬಿಗೆ ಹಾಕಿದೆ. ಮೂಗು ಉರಿದು ಕಣ್ಣಲ್ಲಿ ನೀರು ಬಂತು, ಅಷ್ಟು ಸಂತೋಷ ನನಗೆ ಯಾವ ಅತ್ತರಿನಿಂದಲೂ ಆಗಿಲ್ಲ. ಮುಂದಿನ ದಿನಗಳಲ್ಲಿ ನಾನು ಮನೆಯಲ್ಲಿ ಅನ್ನ ಸಾರು ಕಲಸಿಕೊಂಡು ತಿನ್ನುವುದನ್ನೇ ಮರೆತು ಕೂರುತ್ತಿದ್ದೆನಂತೆ. ಅಂಚಿನಲ್ಲಿ ಪರೀಕ್ಷೆಗೆ ಸಾಲುವಷ್ಟು ಕ್ಯಾನ್ಸರ್ ಕಣ ಉಳಿದಿರಬೇಕು, ಆದರೆ ಹೆಚ್ಚು ಇರಬಾರದು, ಇದ್ದದ್ದು ಕಂದಾಗಬೇಕು. ಇಂಥ ವಿಚಿತ್ರ ಬೇಡಿಕೆಯನ್ನು ಯಾವ ದೇವರ ಮುಂದೆ ಇಡುವುದು? ಸ್ಲೈಡನ್ನು ಮಷೀನಿಗೆ ಹಾಕಿ, ಅದು ಮುಗಿಯುವವರೆಗೆ ಅದರ ಮುಂದೆಯೇ ಕುರ್ಚಿ ಹಾಕಿಕೊಂಡೆ.

ಮೇಡಂ ನೋಡಿದರು. ಎದ್ದು ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಕಣ್ಣಿಟ್ಟೆ. ಒಳ್ಳೆಯ ನಾಳಗಳಲ್ಲಿ ಕಂದು. ಪಕ್ಕದಲ್ಲಿ ಕ್ಯಾನ್ಸರ್ ಕಣಗಳು ಒಂದು ಸಣ್ಣ ಗುಂಪು, ಅವೂ ಕಂದು, ಒಂದು ಬಿಡದೆ ಅಷ್ಟೂ ಕಂದು. ನಾನು ಎದ್ದು ಕುಣಿದೆ. ಐವತ್ತೇಳು ವರ್ಷದ ಮನುಷ್ಯ, ಏಪ್ರನ್ ಹಾಕಿಕೊಂಡು ಕುಣಿದದ್ದನ್ನು ರಿಸೆಪ್ಷನ್ನಿನವರು ಫೋನಿನಲ್ಲಿ ಹಿಡಿದಿದ್ದಾರೆ, ಬೇಕಾದರೆ ಕೇಳಿ ನೋಡಿ. ರಿಪೋರ್ಟ್ ನಾನೇ ಒಯ್ದು ಕೊಡುತ್ತೇನೆ ಎಂದೆ. ಕುಣಿಯದೆ ಹೋಗಿ, ಕಾಯಿಲೆ ಹೋಗೇ ಬಿಟ್ಟಿತು ಎಂದು ಮಾತ್ರ ಹೇಳಬೇಡಿ ಎಂದರು ಮೇಡಂ.

ವಾರ್ಡಿನಲ್ಲಿ ತಿಪ್ಪೇಸ್ವಾಮಿ ದಿಂಬಿಗೆ ಒರಗಿದ್ದ, ಪಕ್ಕೆಯಲ್ಲಿ ಇನ್ನೂ ಒಂದು ನಳಿಗೆ ಇತ್ತು. ಗೌರಮ್ಮನವರು ಕಿತ್ತಳೆ ಸುಲಿಯುತ್ತಿದ್ದರು. ಅವರಿಬ್ಬರೂ ನನ್ನ ಮುಖ ನೋಡಿದರು. ಹಾರ್ಮೋನ್ ಗ್ರಾಹಕ ಸಿಕ್ಕಿದೆ, ನಿನಗೆ ಮಾತ್ರೆ ಕೆಲಸ ಮಾಡುವಂಥದ್ದು ಎಂದೆ. ಸುಲಿಯುತ್ತಿದ್ದ ಕೈ ನಿಂತಿತು. ಎಷ್ಟು ದಿನ ನುಂಗಬೇಕು ಎಂದು ತಿಪ್ಪೇಸ್ವಾಮಿ ಕೇಳಿದ. ದಿನಗಳ ಲೆಕ್ಕವಲ್ಲ, ದಿನಕ್ಕೊಂದರಂತೆ ಐದು ವರ್ಷ, ಬೇಕೆನಿಸಿದರೆ ಡಾಕ್ಟರು ಇನ್ನೂ ಮುಂದುವರಿಸುತ್ತಾರೆ ಎಂದೆ. ಈ ಮಾತಿಗೆ ಮುಖ ಸಿಂಡರಿಸದ ರೋಗಿಯನ್ನು ನಾನು ನೋಡಿರಲಿಲ್ಲ. ಇವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

“ಕೇಳಿದ್ಯಾ? ಐದು ವರ್ಷಕ್ಕೆ ಪಾಸು ಬರ್ದು ಕೊಟ್ಟಾರೆ.”

ಗೌರಮ್ಮನವರು ಅರ್ಧ ಸುಲಿದ ಕಿತ್ತಳೆಯನ್ನು ಅವನ ಕೈಯಲ್ಲಿಟ್ಟು, ಇನ್ನೂ ಐದು ವರ್ಷ ನಿನ್ನ ಕಾಟ ತಡಿಬೇಕಲ್ಲಪ್ಪ ಎಂದು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅಳತೊಡಗಿದರು.